ಕಣ್ಣಳತೆಗೆ ಸಿಗದ ಲೆಕ್ಕ: ಬೈಕಂಪಾಡಿಯಲ್ಲಿ ನಿಂತು ಪುರುಷರ ಸಂತಾನಾರೋಗ್ಯ ನೋಡುವಾಗ

ಮಂಗಳೂರಿನಿಂದ ಸುರತ್ಕಲ್ ಕಡೆಗೆ ರಾಷ್ಟ್ರೀಯ ಹೆದ್ದಾರಿ 66ರಲ್ಲಿ ಹೊರಟರೆ ಪಣಂಬೂರು ದಾಟುತ್ತಲೇ ಬೈಕಂಪಾಡಿ. ಒಂದು ಮಗ್ಗುಲಿಗೆ ಮೀನಕಳಿಯದ ಮೊಗವೀರರ ಮನೆಗಳು ಮತ್ತು ಕಡಲು, ಇನ್ನೊಂದು ಮಗ್ಗುಲಿಗೆ ಕೈಗಾರಿಕಾ ಪ್ರದೇಶದ ಶೆಡ್ಡುಗಳು, ಎಪಿಎಂಸಿ ಯಾರ್ಡ್, ಸಾಲುಗಟ್ಟಿ ನಿಂತ ಲಾರಿಗಳು. 1975ರಲ್ಲಿ ನವ ಮಂಗಳೂರು ಬಂದರು ಶುರುವಾಯಿತು, ಮರುವರ್ಷ ಪಣಂಬೂರಿನ ರಸಗೊಬ್ಬರ ಕಾರ್ಖಾನೆ ಉತ್ಪಾದನೆ ಆರಂಭಿಸಿತು, ತೊಂಬತ್ತರ ದಶಕದಲ್ಲಿ ಕುತ್ತೆತ್ತೂರಿನ ತೈಲ ಶುದ್ಧೀಕರಣಾಗಾರ ಬಂತು. ಹೀಗೆ ಈ ಪಟ್ಟಿಯುದ್ದಕ್ಕೂ ದುಡಿಯುವ ಗಂಡಸರ ಒಂದು ದೊಡ್ಡ ಊರೇ ಬೆಳೆಯಿತು. ತುಳುನಾಡಿನವರು, ಬಾಗಲಕೋಟೆ–ಕೊಪ್ಪಳದ ಕಡೆಯವರು, ಒಡಿಶಾ–ಬಿಹಾರದಿಂದ ಬಂದವರು. ಬಹುಪಾಲು ಇಪ್ಪತ್ತರಿಂದ ನಲವತ್ತರ ಒಳಗಿನವರು, ಅಂದರೆ ಮದುವೆಯಾಗುವ, ಮಕ್ಕಳಾಗುವ ವಯಸ್ಸಿನವರು.

ಈ ವಯಸ್ಸಿನ ಗಂಡಸರು ಮೆಡಿಕಲ್ ಶಾಪಿನಲ್ಲಿ ಬೇರೆ ಗಿರಾಕಿಗಳು ಹೋಗುವವರೆಗೆ ಕಾದು, ದನಿ ತಗ್ಗಿಸಿ ಕೇಳುವ ಒಂದು ಪ್ರಶ್ನೆಯಿದೆ: "ಧಾತು ನೀರಾಗಿದೆ, ಗಟ್ಟಿಯಾಗಲು ಏನಾದರೂ ಇದೆಯಾ?" ಇದು ಬೈಕಂಪಾಡಿಯದಷ್ಟೇ ಅಲ್ಲ, ನಾಡಿನ ಎಲ್ಲ ಊರಿನ ಪ್ರಶ್ನೆ. ಉತ್ತರ ಕೊಡಲು ಬಸ್‌ಸ್ಟ್ಯಾಂಡಿನ ಗೋಡೆಗೆ ಅಂಟಿಸಿದ ಚೀಟಿಗಳು ಸಿದ್ಧವಾಗಿವೆ. ಲಾಡ್ಜಿನಲ್ಲಿ ತಿಂಗಳಿಗೊಮ್ಮೆ ಬಂದು ಕೂರುವ 'ಗುಪ್ತರೋಗ ತಜ್ಞ'ರು, ಪುಡಿ, ಲೇಹ್ಯ, ಎಣ್ಣೆ. ವೈದ್ಯವಿಜ್ಞಾನದ ಉತ್ತರ ಮಾತ್ರ ಈ ಗಂಡಸಿನ ಕಿವಿಗೆ ಬೀಳುವುದು ತೀರಾ ತಡವಾಗಿ, ಹಲವು ಸಾವಿರ ರೂಪಾಯಿ ಕೈಬಿಟ್ಟ ಮೇಲೆ. ವೀರ್ಯದ ಹದ ಬದಲಾಗುವುದಕ್ಕೆ ಅರ್ಥವಿದೆಯೇ, ಪುರುಷರ ಸಂತಾನಶಕ್ತಿ ನಿಜಕ್ಕೂ ಕುಸಿಯುತ್ತಿದೆಯೇ, ಕುಸಿದರೆ ಅದರಲ್ಲಿ ದುಡಿಮೆಯ ಪಾಲೆಷ್ಟು? ಇವು ಮೂರೂ ಒಂದಕ್ಕೊಂದು ಹೆಣೆದುಕೊಂಡ ಪ್ರಶ್ನೆಗಳು. ಮೊದಲನೆಯದರ ಭಯದಲ್ಲಿ ಉಳಿದೆರಡು ಮುಚ್ಚಿಹೋಗಿವೆ ಎಂಬುದೇ ನನ್ನ ದೂರು.

ಮೊದಲು ಹದದ ಮಾತು. ಹೊರಬರುವ ವೀರ್ಯದಲ್ಲಿ ವೃಷಣಗಳಿಂದ ಬಂದ ವೀರ್ಯಾಣುಗಳ ಪಾಲು ನೂರಕ್ಕೆ ಐದನ್ನೂ ಮೀರುವುದಿಲ್ಲ. ಮೂರರಲ್ಲಿ ಎರಡು ಪಾಲು, ಕೆಲವೊಮ್ಮೆ ಅದಕ್ಕೂ ಹೆಚ್ಚು, ಮೂತ್ರಕೋಶದ ಹಿಂದಿರುವ ವೀರ್ಯಕೋಶಗಳ ದ್ರವ. ಉಳಿದದ್ದರಲ್ಲಿ ಹೆಚ್ಚಿನದು ಪ್ರಾಸ್ಟೇಟ್ ಗ್ರಂಥಿಯದು. ವೀರ್ಯಕೋಶದಿಂದ ಬರುವ ಸೆಮಿನೊಜೆಲಿನ್ ಎಂಬ ಪ್ರೋಟೀನು ಹೊರಬಂದೊಡನೆ ವೀರ್ಯವನ್ನು ಹೆಪ್ಪುಗಟ್ಟಿಸುತ್ತದೆ. ಪ್ರಾಸ್ಟೇಟಿನಿಂದ ಬರುವ ಪಿಎಸ್‌ಎ ಎಂಬ ಕಿಣ್ವ ಆ ಹೆಪ್ಪನ್ನು ಕತ್ತರಿಸಿ ನೀರಾಗಿಸುತ್ತದೆ. ವಯಸ್ಸಾದವರಿಗೆ ಪ್ರಾಸ್ಟೇಟ್ ಕ್ಯಾನ್ಸರಿನ ಸುಳಿವಿಗಾಗಿ ರಕ್ತದಲ್ಲಿ ಅಳೆಯುವುದು ಇದೇ ಪಿಎಸ್‌ಎಯನ್ನು. ಸಾಮಾನ್ಯವಾಗಿ 15ರಿಂದ 30 ನಿಮಿಷಗಳಲ್ಲಿ, ತಡವಾದರೆ ಒಂದು ಗಂಟೆಯೊಳಗೆ ವೀರ್ಯ ಪೂರ್ತಿ ತಿಳಿಯಾಗಬೇಕು. ಹಾಗಾಗಿ ಸ್ಖಲನವಾದ ಕ್ಷಣದಲ್ಲಿ ಗಂಟುಗಂಟಾಗಿ ಕಂಡದ್ದೂ ಆರೋಗ್ಯ, ಅರ್ಧ ಗಂಟೆ ಬಿಟ್ಟು ನೀರಾಗಿ ಕಂಡದ್ದೂ ಆರೋಗ್ಯ. ನೀರಾಗಲೇಬೇಕು, ನೀರಾಗದಿದ್ದರೆ ವೀರ್ಯಾಣುಗಳು ಆ ಅಂಟಿನಲ್ಲೇ ಸಿಕ್ಕಿಕೊಂಡು ಮುಂದೆ ಸಾಗಲಾರವು.

ಸಂತಾನಹರಣ ಚಿಕಿತ್ಸೆ ಮಾಡಿಸಿಕೊಂಡ ಪುರುಷನ ವೀರ್ಯ ಇದಕ್ಕೆ ಒಳ್ಳೆಯ ಸಾಕ್ಷಿ. ನಾಳ ಕತ್ತರಿಸಿದ ಮೇಲೆ ಕೆಲವು ತಿಂಗಳಲ್ಲಿ ಅದರಲ್ಲಿ ಒಂದೂ ವೀರ್ಯಾಣು ಇರುವುದಿಲ್ಲ, ಆದರೂ ಬಣ್ಣ, ಪ್ರಮಾಣ, ಹದ ಯಾವುದೂ ಕಣ್ಣಿಗೆ ಬೇರೆಯಾಗಿ ಕಾಣುವುದಿಲ್ಲ. ಇತ್ತ ತೆಳ್ಳಗೆ ಕಾಣುವ ವೀರ್ಯದಲ್ಲಿ ಕೋಟಿಗಟ್ಟಲೆ ಆರೋಗ್ಯವಂತ ವೀರ್ಯಾಣುಗಳು ಇರಬಹುದು. ಪದೇ ಪದೇ ಸ್ಖಲನವಾದರೆ ತೆಳುವಾಗುತ್ತದೆ, ಕೆಲವು ದಿನ ಬಿಟ್ಟರೆ ಮತ್ತೆ ದಪ್ಪವಾಗುತ್ತದೆ, ಹೆಚ್ಚು ದಿನ ಬಿಟ್ಟರೆ ತುಸು ಹಳದಿಗೂ ತಿರುಗುತ್ತದೆ. ಇಷ್ಟಕ್ಕೆ ಔಷಧಿ ಬೇಡ.

ಹಾಗಂತ ಹದ ನೋಡುವುದೇ ವ್ಯರ್ಥ ಅಂತ ಅಲ್ಲ. ಪ್ರಯೋಗಾಲಯದಲ್ಲಿ ತಿಳಿಯಾದ ವೀರ್ಯವನ್ನು ಪಿಪೆಟ್ಟಿನಿಂದ ಹನಿ ಹನಿಯಾಗಿ ಬಿಟ್ಟು ನೋಡುತ್ತಾರೆ. ಹನಿಯ ಹಿಂದೆ ಎರಡು ಸೆಂಟಿಮೀಟರಿಗಿಂತ ಉದ್ದದ ಎಳೆ ಜಗ್ಗಿದರೆ ಅತಿಸ್ನಿಗ್ಧತೆ ಎಂದು ಬರೆದುಕೊಳ್ಳುತ್ತಾರೆ. ಪ್ರಾಸ್ಟೇಟ್, ವೀರ್ಯಕೋಶಗಳ ಸೋಂಕು ಅಥವಾ ಉರಿಯೂತ ಇದಕ್ಕೆ ಸಾಮಾನ್ಯ ಕಾರಣ. ಪ್ರಮಾಣ ತೀರಾ ಕಡಿಮೆಯಿದ್ದು, ತೆಳ್ಳಗಿದ್ದು, ಆಮ್ಲೀಯವಾಗಿದ್ದು, ಫ್ರಕ್ಟೋಸ್ ಸಕ್ಕರೆ ಇಲ್ಲವೇ ಇಲ್ಲ ಎಂದಾದರೆ ವೀರ್ಯಕೋಶದ ದಾರಿಯಲ್ಲೇ ಅಡ್ಡಿಯಿದೆ ಎಂಬ ಅನುಮಾನ. ಕೆಲವರಲ್ಲಿ ವೀರ್ಯನಾಳ ಹುಟ್ಟಿನಿಂದಲೇ ಇರುವುದಿಲ್ಲ. ಮಧುಮೇಹ ಬಹಳ ವರ್ಷ ಹತೋಟಿ ತಪ್ಪಿದ್ದರೆ ನರಗಳು ಸೋತು, ವೀರ್ಯ ಮುಂದಕ್ಕೆ ಬರುವ ಬದಲು ಮೂತ್ರಕೋಶಕ್ಕೇ ಹಿಮ್ಮುಖವಾಗಿ ಹರಿಯುತ್ತದೆ. ಪ್ರಾಸ್ಟೇಟ್ ಊತಕ್ಕೆ ಕೊಡುವ ಟ್ಯಾಮ್ಸುಲೋಸಿನ್ ಮಾತ್ರೆಯಿಂದಲೂ ಸ್ಖಲನದ ಪ್ರಮಾಣ ಇಳಿಯುವುದುಂಟು. ರಕ್ತ ಬೆರೆತು ಕೆಂಪು ಅಥವಾ ಕಂದು ಬಣ್ಣ ಬಂದರೆ ಯುವಕರಲ್ಲಿ ಅದು ಬಹುಪಾಲು ತಾನಾಗಿ ನಿಲ್ಲುವ ತೊಂದರೆ; ನಲವತ್ತು ದಾಟಿದವರಲ್ಲಿ, ಅಥವಾ ಮತ್ತೆ ಮತ್ತೆ ಬಂದರೆ, ತಪಾಸಣೆ ತಪ್ಪಿಸಬಾರದು. ನಮ್ಮ ದೇಶದಲ್ಲಿ ಜನನಾಂಗದ ಕ್ಷಯರೋಗವನ್ನೂ ಮರೆಯುವಂತಿಲ್ಲ: ಅದು ವೀರ್ಯನಾಳವನ್ನು ಸದ್ದಿಲ್ಲದೆ ಮುಚ್ಚಿಹಾಕುತ್ತದೆ.

ಆದರೆ ಮೆಡಿಕಲ್ ಶಾಪಿನಲ್ಲಿ ದನಿ ತಗ್ಗಿಸಿ ಕೇಳುವವರಲ್ಲಿ ಹೆಚ್ಚಿನವರಿಗೆ ಈ ಯಾವ ಕಾಯಿಲೆಯೂ ಇರುವುದಿಲ್ಲ. ಅವರಿಗಿರುವುದು ಭಯ. ಏಳು ಧಾತುಗಳಲ್ಲಿ ಶುಕ್ರವೇ ಕೊನೆಯದು, ಎಷ್ಟೋ ಹನಿ ರಕ್ತ ಸೇರಿ ಒಂದು ಹನಿ ವೀರ್ಯವಾಗುತ್ತದೆ, ಅದು ಹೋದರೆ ಪ್ರಾಣವೇ ಸೋರಿದಂತೆ ಎಂಬ ನಂಬಿಕೆ ನಮ್ಮಲ್ಲಿ ಆಳವಾಗಿ ಬೇರೂರಿದೆ. ಸ್ವಪ್ನಸ್ಖಲನವಾದ ಹುಡುಗ, ಮೂತ್ರದಲ್ಲಿ ಬಿಳಿ ಕಂಡ ಯುವಕ, ಮಲವಿಸರ್ಜನೆಗೆ ಮುಕ್ಕಿದಾಗ ಎರಡು ಹನಿ ಅಂಟು ದ್ರವ ಬಂದದ್ದನ್ನು ಕಂಡವನು, ಇವರೆಲ್ಲ ತಾವು ಒಳಗಿಂದೊಳಗೇ ಕರಗುತ್ತಿದ್ದೇವೆ ಎಂದು ನಂಬುತ್ತಾರೆ. ಮೂತ್ರದ ಆ ಬಿಳಿ ಬಹಳ ಸಲ ಬರೀ ಫಾಸ್ಫೇಟ್ ಲವಣ. ಅಂಟು ದ್ರವ ಪ್ರಾಸ್ಟೇಟಿನದು. ಆದರೂ ಸುಸ್ತು, ನಿದ್ದೆಗೇಡು, ಬೆನ್ನುನೋವು, ಮದುವೆಗೆ ಅಂಜಿಕೆ ಎಲ್ಲ ನಿಜವಾಗಿಯೇ ಬರುತ್ತವೆ. ಮನೋವೈದ್ಯ ಎನ್. ಎನ್. ವಿಗ್ 1960ರಲ್ಲಿ ಇದಕ್ಕೆ 'ಧಾತ್ ಸಿಂಡ್ರೋಮ್' ಎಂದು ಹೆಸರಿಟ್ಟರು. ಆಮೇಲೆ ಅಂತಾರಾಷ್ಟ್ರೀಯ ವೈದ್ಯಗ್ರಂಥಗಳೂ ಅದನ್ನು ಒಪ್ಪಿಕೊಂಡವು. ಚಿಕಿತ್ಸೆಯ ಮುಖ್ಯ ಭಾಗ ಎಂದರೆ ದೇಹ ಹೇಗೆ ಕೆಲಸ ಮಾಡುತ್ತದೆ ಎಂದು ಸಮಾಧಾನದಿಂದ ತಿಳಿಸಿ ಹೇಳುವುದು, ಜೊತೆಗೆ ಖಿನ್ನತೆ ಇದ್ದರೆ ಅದಕ್ಕೆ ಔಷಧಿ. ಊರು ಬಿಟ್ಟು ಬಂದು, ಒಂದು ಕೋಣೆಯಲ್ಲಿ ಆರೆಂಟು ಜನ ಮಲಗಿ, ಪಾಳಿಯಲ್ಲಿ ದುಡಿಯುವ ಹುಡುಗನಿಗೆ ಇದನ್ನು ಹೇಳುವವರು ಯಾರು? ಹದಿಹರೆಯದವರಿಗಾಗಿ ಸರ್ಕಾರಿ ಆಸ್ಪತ್ರೆಗಳಲ್ಲಿ ಸ್ನೇಹ ಕ್ಲಿನಿಕ್‌ಗಳಿವೆ, ಲೈಂಗಿಕ ಸೋಂಕುಗಳಿಗೆ ಜಿಲ್ಲಾಸ್ಪತ್ರೆಗಳಲ್ಲಿ ಸುರಕ್ಷಾ ಕ್ಲಿನಿಕ್‌ಗಳಿವೆ. ಇವುಗಳ ಹೆಸರು ಗೋಡೆಯ ಚೀಟಿಯಷ್ಟು ದೊಡ್ಡದಾಗಿ ಎಲ್ಲೂ ಕಾಣುವುದಿಲ್ಲ.

ಗೋಡೆಯ ಚೀಟಿಯೋ, ಕಾನೂನುಬಾಹಿರ. ಲೈಂಗಿಕ ಸುಖದ ಸಾಮರ್ಥ್ಯ ಹೆಚ್ಚಿಸುತ್ತೇವೆ ಎಂದು ಔಷಧಿಗೆ ಜಾಹೀರಾತು ಕೊಡುವುದನ್ನು 1954ರ ಔಷಧ ಮತ್ತು ಮಾಂತ್ರಿಕ ಪರಿಹಾರ ಕಾಯಿದೆ ಎಪ್ಪತ್ತು ವರ್ಷಗಳ ಹಿಂದೆಯೇ ನಿಷೇಧಿಸಿದೆ. ಈಗ ಅದೇ ಜಾಹೀರಾತು ಮೊಬೈಲಿಗೆ ಬಂದಿದೆ, ಅಷ್ಟೇ.

ಉಷ್ಣದ ಮಾತು

ಕರಾವಳಿಯಲ್ಲಿ ವೀರ್ಯ ತೆಳುವಾದರೂ, ಮೂತ್ರ ಉರಿದರೂ, ಕಣ್ಣು ಕೆಂಪಾದರೂ ಮನೆಯವರ ತೀರ್ಮಾನ ಒಂದೇ, "ಉಷ್ಣ ಆಗಿದೆ." ಬೊಂಡದ ನೀರು, ರಾಗಿ ಮಣ್ಣಿ, ಪುನರ್ಪುಳಿ ಶರಬತ್ತು ಕೊಡುತ್ತಾರೆ. ಬೇಸಿಗೆಯ ಬೆವರಿಗೆ ಇವೆಲ್ಲ ಒಳ್ಳೆಯವೇ. ಉಷ್ಣ ವೀರ್ಯಕ್ಕೆ ಆಗದು ಎಂಬ ಮಾತಿನಲ್ಲಿಯೂ ಸತ್ಯವಿದೆ, ಆದರೆ ಆ ಉಷ್ಣ ತಿಂದ ಪದಾರ್ಥದ್ದಲ್ಲ, ಕೂತ ಜಾಗದ್ದು. ವೃಷಣಗಳು ದೇಹದ ಹೊರಗೆ ತೂಗುವುದಕ್ಕೆ ಕಾರಣವೇ ವೀರ್ಯಾಣು ತಯಾರಾಗಲು ದೇಹಕ್ಕಿಂತ ಎರಡರಿಂದ ನಾಲ್ಕು ಡಿಗ್ರಿ ಕಡಿಮೆ ತಾಪ ಬೇಕು ಎಂಬುದು. ಬಾಯ್ಲರ್ ಮುಂದೆ ನಿಲ್ಲುವವನು, ಗೇರುಬೀಜ ಹುರಿಯುವ ಕಡೆ ದುಡಿಯುವವನು, ವೆಲ್ಡಿಂಗ್ ಮಾಡುವವನು, ಎಂಜಿನ್ನಿನ ಬಿಸಿ ಬಡಿಯುವ ಕ್ಯಾಬಿನ್ನಿನಲ್ಲಿ ಶಿರಾಡಿ ಘಾಟಿ ಹತ್ತಿ ಬೆಂಗಳೂರಿಗೆ ಹೋಗುವ ಲಾರಿ ಚಾಲಕ, ಇವರೆಲ್ಲ ಆ ಎರಡು ಡಿಗ್ರಿಯನ್ನು ದಿನಾ ಕಳೆದುಕೊಳ್ಳುವ ಸಾಧ್ಯತೆಯುಳ್ಳವರು. ಎರಡು ಗಂಟೆ ಕಾರು ಓಡಿಸಿದರೇ ಅಲ್ಲಿನ ತಾಪ ಏರುವುದನ್ನು ಫ್ರಾನ್ಸಿನ ಸಂಶೋಧಕರು ಅಳೆದು ತೋರಿಸಿದ್ದಾರೆ. ಡೆನ್ಮಾರ್ಕಿನಲ್ಲಿ ತೊಂಬತ್ತರ ದಶಕದ ಮೊದಲಲ್ಲಿ ಬಿಸಿಗೆ ಒಡ್ಡಿಕೊಂಡ ವೆಲ್ಡರುಗಳನ್ನು ಪರೀಕ್ಷಿಸಿದಾಗ ವೀರ್ಯದ ಗುಣಮಟ್ಟ ಇಳಿದದ್ದೂ, ಬಿಸಿಯಿಂದ ದೂರವಿದ್ದಾಗ ಸುಧಾರಿಸಿದ್ದೂ ಕಂಡಿತು. ಅಮೆರಿಕದ ಹಾರ್ವರ್ಡಿನ ಸಂಶೋಧಕರು 656 ಪುರುಷರನ್ನು ನೋಡಿ 2018ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಸಡಿಲ ಒಳಉಡುಪು ತೊಡುವವರ ವೀರ್ಯಾಣು ಸಾಂದ್ರತೆ ಬಿಗಿ ಉಡುಪಿನವರಿಗಿಂತ ನೂರಕ್ಕೆ 25ರಷ್ಟು ಹೆಚ್ಚಿತ್ತು. ನಮ್ಮ ಅಜ್ಜಂದಿರ ಮುಂಡು, ಲುಂಗಿಯನ್ನು ಬಿಟ್ಟು ಪಾಲಿಯೆಸ್ಟರ್ ಸಮವಸ್ತ್ರದೊಳಗೆ ಹನ್ನೆರಡು ಗಂಟೆ ಬೇಯುವ ತರುಣರಿಗೆ ಹತ್ತಿಯ ಸಡಿಲ ಬಟ್ಟೆ ಕೊಡಲು ಯಾವ ಕಾರ್ಖಾನೆಗೂ ದೊಡ್ಡ ಖರ್ಚು ತಗಲದು.

ಇನ್ನೊಂದು ಉಷ್ಣ ಜ್ವರದ್ದು. ರಾಜ್ಯದಲ್ಲಿ ಮಲೇರಿಯಾ ಎಂದರೆ ಬಹುಕಾಲ ಮಂಗಳೂರಿನ ಹೆಸರೇ ಮೊದಲು ಬರುತ್ತಿತ್ತು. ಕಟ್ಟಡ ಕಾಮಗಾರಿಯ ನೀರು, ಬಂದರಿನ ಸುತ್ತಲ ಕಾರ್ಮಿಕರ ವಸತಿ, ಮಳೆಗಾಲದ ಸೊಳ್ಳೆ, ಎಲ್ಲ ಸೇರಿ ಇಲ್ಲಿ ಜ್ವರ ಮನೆಮಾತು. ಒಂದು ವೀರ್ಯಾಣು ರೂಪುಗೊಂಡು ಹೊರಬರಲು ಎರಡೂವರೆಯಿಂದ ಮೂರು ತಿಂಗಳು ಬೇಕು. ಜುಲೈಯಲ್ಲಿ ಮಲೇರಿಯಾ ಅಥವಾ ಡೆಂಗಿಯಿಂದ ಮೈ ಸುಟ್ಟವನ ವೀರ್ಯವನ್ನು ಆಗಸ್ಟಿನಲ್ಲಿ ಪರೀಕ್ಷಿಸಿದರೆ ಎಣಿಕೆ ಕುಸಿದಿರಬಹುದು. ಅಕ್ಟೋಬರ್ ದಾಟಿ ನೋಡಿದರೆ ಬೇರೆಯೇ ವರದಿ ಬರಬಹುದು. "ನಿಮಗೆ ಈ ನಡುವೆ ಜ್ವರ ಬಂದಿತ್ತಾ?" ಎಂದು ಕೇಳದೆ ಒಂದೇ ವರದಿ ನೋಡಿ ಗಂಡಸಿಗೆ ದೋಷ ಹೊರಿಸುವುದು ಅನ್ಯಾಯ. ಪ್ರಾಯಕ್ಕೆ ಬಂದ ಮೇಲೆ ಬರುವ ಮಂಗನಬಾವು ಇನ್ನೂ ಅಪಾಯಕಾರಿ, ಅದು ವೃಷಣಕ್ಕೆ ಇಳಿದರೆ ಹಾನಿ ಶಾಶ್ವತವಾಗುವುದೂ ಉಂಟು. ಸರ್ಕಾರದ ಸಾರ್ವತ್ರಿಕ ಲಸಿಕಾ ಕಾರ್ಯಕ್ರಮದಲ್ಲಿ ಮಕ್ಕಳಿಗೆ ದಡಾರ–ರುಬೆಲ್ಲಾ ಲಸಿಕೆ ಸಿಗುತ್ತದೆ, ಮಂಗನಬಾವಿನದು ಸಿಗುವುದಿಲ್ಲ.

ವೃಷಣದ ರಕ್ತನಾಳಗಳು ಉಬ್ಬಿಕೊಳ್ಳುವ ವೆರಿಕೋಸೀಲ್ ಕೂಡ ಬಿಸಿಯನ್ನು ಹೆಚ್ಚಿಸುವ ತೊಂದರೆಯೇ. ಸುಮಾರು ನೂರಕ್ಕೆ 15 ಪುರುಷರಲ್ಲಿ ಅದು ಇರುತ್ತದೆ, ಮಕ್ಕಳಾಗದೆ ಬರುವವರಲ್ಲಿ ಇನ್ನೂ ಹೆಚ್ಚು. ಶಸ್ತ್ರಚಿಕಿತ್ಸೆಯಿಂದ ಸರಿಪಡಿಸಬಹುದಾದ ಕಾರಣಗಳಲ್ಲಿ ಇದೇ ಮುಖ್ಯವಾದದ್ದು. ವೈದ್ಯರು ನಿಲ್ಲಿಸಿ, ಕೈಯಿಂದ ಮುಟ್ಟಿ ನೋಡಿದರೆ ತಿಳಿಯುತ್ತದೆ. ಮುಟ್ಟಿ ನೋಡುವ ತನಕ ಗಂಡಸು ಆಸ್ಪತ್ರೆಗೆ ಬರಬೇಕಲ್ಲ.

ಮಣಿಪಾಲದ ಅಂಕಿಗಳು

ಪುರುಷರ ವೀರ್ಯಾಣು ಕಡಿಮೆಯಾಗುತ್ತಿದೆ ಎಂಬ ಚರ್ಚೆಗೆ ಜಾಗತಿಕ ಕಿಚ್ಚು ಹೊತ್ತಿಸಿದ್ದು 1992ರಲ್ಲಿ ಡೆನ್ಮಾರ್ಕಿನ ಸಂಶೋಧಕರು. ಐವತ್ತು ವರ್ಷಗಳ ವರದಿಗಳನ್ನು ಒಟ್ಟುಮಾಡಿ, ಮಿಲಿಲೀಟರಿಗೆ 11.3 ಕೋಟಿ ಇದ್ದದ್ದು 6.6 ಕೋಟಿಗೆ ಇಳಿದಿದೆ ಎಂದರು. 2017ರಲ್ಲಿ, ಮತ್ತೆ 2022ರಲ್ಲಿ ಹಗಾಯ್ ಲೆವಿನ್ ಅವರ ತಂಡ ಇನ್ನೂ ವಿಸ್ತಾರವಾದ ಲೆಕ್ಕ ಹಾಕಿತು. ಎರಡನೆಯದರಲ್ಲಿ ಏಷ್ಯಾ, ಆಫ್ರಿಕಾ, ದಕ್ಷಿಣ ಅಮೆರಿಕದ ದತ್ತಾಂಶವೂ ಸೇರಿತ್ತು: 1973ರಿಂದ 2018ರ ನಡುವೆ ಸಾಂದ್ರತೆ 10.1 ಕೋಟಿಯಿಂದ 4.9 ಕೋಟಿಗೆ, ಅಂದರೆ ಅರ್ಧಕ್ಕಿಂತ ಹೆಚ್ಚು ಇಳಿದಿತ್ತು.

ನಮಗೆ ಹತ್ತಿರದ ಸಾಕ್ಷ್ಯ ಬೈಕಂಪಾಡಿಯಿಂದ ಅದೇ ಹೆದ್ದಾರಿಯಲ್ಲಿ ಉಡುಪಿಯತ್ತ ಹೋಗಿ ಬಲಕ್ಕೆ ಹತ್ತಿದರೆ ಸಿಗುವ ಮಣಿಪಾಲದಲ್ಲಿದೆ. ಕಸ್ತೂರ್ಬಾ ವೈದ್ಯಕೀಯ ಕಾಲೇಜಿನ ಸತೀಶ್ ಕುಮಾರ್ ಅಡಿಗ ಮತ್ತು ಸಂಗಡಿಗರು 1993ರಿಂದ 2005ರವರೆಗೆ ಅಲ್ಲಿಗೆ ವೀರ್ಯ ಪರೀಕ್ಷೆಗೆ ಬಂದ 7,770 ಪುರುಷರ ವರದಿಗಳನ್ನು ತೆರೆದು ನೋಡಿ 2008ರಲ್ಲಿ ಪ್ರಕಟಿಸಿದರು. 1993–94ರಲ್ಲಿ ಮಿಲಿಲೀಟರಿಗೆ ಸರಾಸರಿ 3.8 ಕೋಟಿ ಇದ್ದ ವೀರ್ಯಾಣುಗಳು 2004–05ರ ಹೊತ್ತಿಗೆ 2.66 ಕೋಟಿಗೆ ಇಳಿದಿದ್ದವು. ಚಲಿಸುವ ವೀರ್ಯಾಣುಗಳ ಪ್ರಮಾಣ ನೂರಕ್ಕೆ 61ರಿಂದ 47ಕ್ಕೆ, ಸರಿಯಾದ ಆಕಾರದವು ನೂರಕ್ಕೆ 40ರಿಂದ 20ರ ಆಸುಪಾಸಿಗೆ ಕುಸಿದಿದ್ದವು. ಹನ್ನೆರಡು ವರ್ಷದಲ್ಲಿ ಇಷ್ಟು! ಕರಾವಳಿ ಮತ್ತು ಒಳನಾಡಿನಿಂದ ಒಂದೇ ಪ್ರಯೋಗಾಲಯಕ್ಕೆ ಬಂದ ನಮ್ಮದೇ ಜನರ ಅಂಕಿಗಳಿವು. ಇವನ್ನು ಕನ್ನಡದ ಓದುಗರು ತಿಳಿದಿರಬೇಕಿತ್ತು.

ಇಲ್ಲಿ ಎಚ್ಚರಿಕೆಯೂ ಬೇಕು. ಮಣಿಪಾಲಕ್ಕೆ ಬಂದವರು ಮಕ್ಕಳಾಗಲಿಲ್ಲವೆಂದು ಬಂದವರು. ಊರಿನ ಎಲ್ಲ ಗಂಡಸರ ಪ್ರತಿನಿಧಿಗಳಲ್ಲ. ಸಣ್ಣಪುಟ್ಟ ಊರುಗಳಲ್ಲೂ ಪ್ರಯೋಗಾಲಯಗಳು ಬಂದ ಮೇಲೆ ಹೆಚ್ಚು ಕಠಿಣ ತೊಂದರೆಯವರೇ ದೊಡ್ಡ ಆಸ್ಪತ್ರೆಗೆ ಬರುವುದು ಸಹಜ, ಆಗ ಸರಾಸರಿ ತಾನಾಗಿ ಇಳಿಯುತ್ತದೆ. ಆಕಾರ ನೋಡುವ ಮಾನದಂಡಗಳೂ ಲೋಕದಾದ್ಯಂತ ಬಿಗಿಯಾಗುತ್ತ ಬಂದಿವೆ. ಜಾಗತಿಕ ಲೆಕ್ಕಗಳ ಮೇಲೂ ಇಂಥದೇ ಆಕ್ಷೇಪಗಳಿವೆ. ಕುಸಿತವಿದೆ ಎಂಬ ಕಡೆಗೇ ನನ್ನ ಮನಸ್ಸು ವಾಲುತ್ತದೆ, ಆದರೆ ಮನುಕುಲದ ಸಂತಾನವೇ ಮುಗಿಯಿತು ಎಂಬ ಕೂಗಿಗೆ ಆಧಾರ ಕಾಣುವುದಿಲ್ಲ. ಕರ್ನಾಟಕದಲ್ಲಿ ಹೆಣ್ಣೊಬ್ಬಳಿಗೆ ಸರಾಸರಿ 1.7 ಮಕ್ಕಳು ಎಂದು ಐದನೇ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆ ಹೇಳುತ್ತದೆ. ಅದು ಬಹುತೇಕ ಬೇಕೆಂದೇ ಕಡಿಮೆ ಮಾಡಿಕೊಂಡದ್ದು. ಬೇಕು ಎಂದರೂ ಆಗದವರ ದುಃಖ ಈ ಸರಾಸರಿಯೊಳಗೆ ಕಾಣದೆ ಹೋಗುತ್ತದೆ. ವಯಸ್ಕರಲ್ಲಿ ಆರರಲ್ಲಿ ಒಬ್ಬರು ಬದುಕಿನ ಒಂದಲ್ಲ ಒಂದು ಘಟ್ಟದಲ್ಲಿ ಬಂಜೆತನ ಅನುಭವಿಸುತ್ತಾರೆ ಎಂದು ವಿಶ್ವ ಆರೋಗ್ಯ ಸಂಸ್ಥೆ 2023ರಲ್ಲಿ ಹೇಳಿತು. ಅಂಥ ದಂಪತಿಗಳಲ್ಲಿ ಅರ್ಧದಷ್ಟು ಕಡೆ ಗಂಡಿನ ಕಾರಣವೂ ಸೇರಿರುತ್ತದೆ.

ವೀರ್ಯ ಕುಸಿಯುವುದು ಮಗುವಿನ ಪ್ರಶ್ನೆ ಮಾತ್ರವೂ ಅಲ್ಲ. ಡೆನ್ಮಾರ್ಕಿನಲ್ಲಿ 78,000ಕ್ಕೂ ಹೆಚ್ಚು ಪುರುಷರನ್ನು ದಶಕಗಳ ಕಾಲ ಹಿಂಬಾಲಿಸಿದ ಅಧ್ಯಯನವೊಂದು 2025ರಲ್ಲಿ ಹೊರಬಂತು. ಚಲಿಸುವ ವೀರ್ಯಾಣುಗಳು ಹೇರಳವಾಗಿದ್ದವರು ತೀರಾ ಕಡಿಮೆ ಇದ್ದವರಿಗಿಂತ ಸರಾಸರಿ ಎರಡೂವರೆ ವರ್ಷಕ್ಕೂ ಹೆಚ್ಚು ಕಾಲ ಬದುಕಿದರು. ವೀರ್ಯದ ವರದಿ ಇಡೀ ದೇಹದ ಸ್ಥಿತಿಯ ಬಗ್ಗೆ ಏನನ್ನೋ ಹೇಳುತ್ತಿದೆ.

ಮಾತಾಡಿಕೊಂಡ ಕಾರ್ಮಿಕರು

ದುಡಿಮೆ ಮತ್ತು ವೀರ್ಯದ ಸಂಬಂಧ ಜಗತ್ತಿಗೆ ಸ್ಪಷ್ಟವಾದದ್ದು ಆಸ್ಪತ್ರೆಯಲ್ಲಲ್ಲ, ಕಾರ್ಖಾನೆಯಲ್ಲಿ. ಅಮೆರಿಕದ ಕ್ಯಾಲಿಫೋರ್ನಿಯಾದ ಲ್ಯಾತ್ರಪ್ ಎಂಬಲ್ಲಿ ಕೀಟನಾಶಕ ತಯಾರಿಸುತ್ತಿದ್ದ ಘಟಕವೊಂದರಲ್ಲಿ ದುಡಿಯುತ್ತಿದ್ದವರು ತಮ್ಮ ತಮ್ಮಲ್ಲೇ ಮಾತಾಡುವಾಗ ಗಮನಿಸಿದ್ದು, ಇಲ್ಲಿಗೆ ಬಂದ ಮೇಲೆ ಯಾರಿಗೂ ಮಕ್ಕಳಾಗುತ್ತಿಲ್ಲ ಎಂದು. ಕಾರ್ಮಿಕ ಸಂಘ ಬೆನ್ನುಹತ್ತಿತು. 1977ರಲ್ಲಿ ಪರೀಕ್ಷೆಯಾಯಿತು. ಸಂತಾನಹರಣ ಮಾಡಿಸಿಕೊಳ್ಳದ 25 ಜನರಲ್ಲಿ 14 ಜನರಿಗೆ ವೀರ್ಯಾಣುಗಳೇ ಇರಲಿಲ್ಲ ಅಥವಾ ಕಡಿಮೆಯಿದ್ದವು. ಮಣ್ಣಿನ ಜಂತುಹುಳಗಳನ್ನು ಕೊಲ್ಲಲು ಬಳಸುವ ಡಿಬಿಸಿಪಿ ಎಂಬ ರಾಸಾಯನಿಕ ಅದಕ್ಕೆ ಕಾರಣ. ಇಲಿಗಳ ವೃಷಣ ಇದರಿಂದ ಮುರುಟುತ್ತದೆ ಎಂದು 1961ರಲ್ಲೇ ಪ್ರಕಟವಾಗಿತ್ತು. ಹದಿನಾರು ವರ್ಷ ಆ ಕಾಗದವನ್ನು ಯಾರೂ ಕಾರ್ಮಿಕರಿಗೆ ಓದಿ ಹೇಳಿರಲಿಲ್ಲ.

ನಮ್ಮ ಮಗ್ಗುಲಲ್ಲೇ ಇಂಥ ಇನ್ನೊಂದು ಕಥೆಯಿದೆ. ಮಂಗಳೂರಿನ ದಕ್ಷಿಣಕ್ಕೆ ಕಾಸರಗೋಡಿನ ಎಣ್ಮಕಜೆ ಪಂಚಾಯಿತಿಯ ಪಡ್ರೆ, ಕನ್ನಡ–ತುಳು ಮಾತಾಡುವ ಹಳ್ಳಿ. ಸುತ್ತಲಿನ ಗೇರು ತೋಟಗಳಿಗೆ ಪ್ಲಾಂಟೇಶನ್ ಕಾರ್ಪೊರೇಶನ್ ಆಫ್ ಕೇರಳ ಇಪ್ಪತ್ತಕ್ಕೂ ಹೆಚ್ಚು ವರ್ಷ ಹೆಲಿಕಾಪ್ಟರಿನಿಂದ ಎಂಡೋಸಲ್ಫಾನ್ ಸುರಿಯಿತು. ಅಲ್ಲಿನ ವೈದ್ಯ ವೈ. ಎಸ್. ಮೋಹನ ಕುಮಾರ್ ರೋಗಿಗಳ ಲೆಕ್ಕ ಇಟ್ಟರು, ಪತ್ರಕರ್ತ ಶ್ರೀ ಪಡ್ರೆ ಬರೆದರು. ಅಹಮದಾಬಾದಿನ ರಾಷ್ಟ್ರೀಯ ಔದ್ಯೋಗಿಕ ಆರೋಗ್ಯ ಸಂಸ್ಥೆ ಬಂದು ಪರೀಕ್ಷಿಸಿತು. 2003ರಲ್ಲಿ ಪ್ರಕಟವಾದ ಆ ಅಧ್ಯಯನದ ವಿಷಯವೇ ಗಂಡುಮಕ್ಕಳ ಜನನಾಂಗ ಬೆಳವಣಿಗೆ. ಹತ್ತರಿಂದ ಹತ್ತೊಂಬತ್ತು ವರ್ಷದ 117 ಹುಡುಗರನ್ನು, ಸಿಂಪಡಣೆ ಇಲ್ಲದ ಊರಿನ 90 ಹುಡುಗರ ಜೊತೆ ಹೋಲಿಸಿದರು. ರಕ್ತದಲ್ಲಿ ಎಂಡೋಸಲ್ಫಾನ್ ಸರಾಸರಿ ಐದು ಪಟ್ಟಿಗಿಂತ ಹೆಚ್ಚಿತ್ತು, ಪ್ರಾಯಕ್ಕೆ ಬರುವುದು ತಡವಾಗಿತ್ತು, ಲೈಂಗಿಕ ಹಾರ್ಮೋನುಗಳ ಉತ್ಪತ್ತಿಗೆ ಅಡ್ಡಿಯಾದ ಸೂಚನೆಗಳಿದ್ದವು. ವೃಷಣ ಕೆಳಗಿಳಿಯದಿರುವಂಥ ಹುಟ್ಟುದೋಷಗಳೂ ಹೆಚ್ಚು ಕಂಡವು. ಆದರೆ ಆ ಒಂದು ಅಂಶ ಮಾತ್ರ ಸಂಖ್ಯಾಶಾಸ್ತ್ರದ ಒರೆಗೆ ಗಟ್ಟಿಯಾಗಿ ನಿಲ್ಲಲಿಲ್ಲ. ಕೀಟನಾಶಕ ಉದ್ಯಮ ಇಡೀ ಅಧ್ಯಯನವನ್ನೇ ಪ್ರಶ್ನಿಸಿತು. 2011ರ ಮೇ 13ರಂದು ಸುಪ್ರೀಂ ಕೋರ್ಟ್ ದೇಶದಾದ್ಯಂತ ಎಂಡೋಸಲ್ಫಾನಿಗೆ ತಡೆಯೊಡ್ಡಿತು. ದಕ್ಷಿಣ ಕನ್ನಡದ ಕೊಕ್ಕಡ, ಪಟ್ರಮೆಗಳ ಗೇರು ತೋಪುಗಳ ಸುತ್ತಲೂ ಅದೇ ನೋವು. ಪಡ್ರೆಯ ಆ ಹುಡುಗರು ಈಗ ಮೂವತ್ತು, ನಲವತ್ತರ ಆಸುಪಾಸಿನ ಗಂಡಸರು.

ಬೈಕಂಪಾಡಿಯ ಕಾರ್ಖಾನೆಗಳು ಇದೇ ವಿಷ ಉಗುಳುತ್ತಿವೆ ಎಂದು ನಾನು ಹೇಳುತ್ತಿಲ್ಲ. ಆದರೆ ಸೀಸ, ಬಣ್ಣಗಳಲ್ಲಿ ಬೆರೆಸುವ ಕೆಲವು ದ್ರಾವಕಗಳು, ಕೀಟನಾಶಕಗಳು, ಅತಿ ಬಿಸಿ, ಇವು ವೀರ್ಯಕ್ಕೆ ಕೆಡುಕು ಎಂಬುದು ಔದ್ಯೋಗಿಕ ವೈದ್ಯಶಾಸ್ತ್ರದಲ್ಲಿ ನೆಲೆಯೂರಿದ ಮಾತು. ನಮ್ಮ 1948ರ ಕಾರ್ಖಾನೆ ಕಾಯಿದೆಯ ಮೂರನೇ ಅನುಸೂಚಿ ಸೀಸದ ವಿಷ, ಪಾದರಸದ ವಿಷ ಮುಂತಾದ ಕಾಯಿಲೆಗಳನ್ನು ವರದಿ ಮಾಡಲೇಬೇಕು ಎಂದಿತು. ಸಂತಾನಶಕ್ತಿಯ ನಷ್ಟ ಆ ಪಟ್ಟಿಯಲ್ಲಿರಲಿಲ್ಲ. ಕಿವಿ ಕೇಳದಾದರೆ ಪರಿಹಾರದ ಮಾತು ಬರುತ್ತದೆ, ತಂದೆಯಾಗದೆ ಉಳಿದರೆ ಅದು ಅವನ ಹಣೆಬರಹ.

ಕಾರ್ಖಾನೆಯನ್ನು ಮಾತ್ರ ದೂರುವುದೂ ಸರಿಯಲ್ಲ. ಪಾಳಿಯ ದಣಿವಿಗೆ ಬೀಡಿ, ಗುಟ್ಕಾ, ಸಂಜೆಯ ಬಾಟಲಿ. ಮೂರೂ ವೀರ್ಯಕ್ಕೆ ವೈರಿಗಳೇ. ಜಿಮ್ಮಿಗೆ ಹೋಗುವ ಹುಡುಗರಿಗೆ ಇನ್ನೊಂದು ಬಲೆಯಿದೆ. ಸ್ನಾಯು ಬೆಳೆಸಲೆಂದು ಚುಚ್ಚಿಸಿಕೊಳ್ಳುವ ಸ್ಟೀರಾಯ್ಡ್, 'ಬಲ ಬರಲಿ' ಎಂದು ಹಾಕಿಸಿಕೊಳ್ಳುವ ಟೆಸ್ಟೋಸ್ಟೆರಾನ್ ಇಂಜೆಕ್ಷನ್, ಹೊರಗೆ ಗಂಡಸುತನ ತೋರಿಸುತ್ತ ಒಳಗೆ ವೀರ್ಯಾಣು ತಯಾರಿಯನ್ನೇ ನಿಲ್ಲಿಸಿಬಿಡುತ್ತವೆ. ಮಿದುಳು ಹೊರಗಿನಿಂದ ಬಂದ ಹಾರ್ಮೋನನ್ನು ಕಂಡು ವೃಷಣಕ್ಕೆ ಕೊಡುವ ಆಜ್ಞೆಯನ್ನು ಹಿಂತೆಗೆದುಕೊಳ್ಳುತ್ತದೆ. ನಿಲ್ಲಿಸಿದ ಮೇಲೂ ಚೇತರಿಕೆಗೆ ಆರು ತಿಂಗಳು, ವರ್ಷ, ಕೆಲವರಿಗೆ ಇನ್ನೂ ಹೆಚ್ಚು ಕಾಲ ಹಿಡಿಯುತ್ತದೆ. ಮಗು ಬೇಕೆಂದಿರುವ ಯಾವ ಗಂಡಸಿಗೂ ಬಲಕ್ಕಾಗಿ ಟೆಸ್ಟೋಸ್ಟೆರಾನ್ ಕೊಡಬಾರದು. ಇದನ್ನು ತಿಳಿಯದೆ ಕೊಡುವವರೂ ಇದ್ದಾರೆ.

ಯಾರು ಹೋಗಬೇಕು, ಎಲ್ಲಿಗೆ

ಮಕ್ಕಳಾಗದ ದಂಪತಿ ಕುಕ್ಕೆ ಸುಬ್ರಹ್ಮಣ್ಯಕ್ಕೆ ಹೋಗಿ ಆಶ್ಲೇಷಾ ಬಲಿ ಮಾಡಿಸುವಾಗ ಗಂಡ ಹೆಂಡತಿ ಇಬ್ಬರೂ ಜೊತೆಗೆ ಕೂರುತ್ತಾರೆ. ಆಸ್ಪತ್ರೆಗೆ ಮಾತ್ರ ಹೆಂಡತಿ ಒಬ್ಬಳೇ. ಅವಳಿಗೆ ಸ್ಕ್ಯಾನ್, ರಕ್ತಪರೀಕ್ಷೆ, ಗರ್ಭನಾಳದ ಎಕ್ಸ್‌ರೇ, ಹಾರ್ಮೋನ್ ಮಾತ್ರೆ. ಎರಡು ಮೂರು ವರ್ಷ ಕಳೆದ ಮೇಲೆ "ಗಂಡನದೂ ಒಮ್ಮೆ ನೋಡೋಣ". ಇದು ವೈದ್ಯಕೀಯವಾಗಿ ತಲೆಕೆಳಗಾದ ಕ್ರಮ. ವೀರ್ಯ ಪರೀಕ್ಷೆ ಅವೆಲ್ಲಕ್ಕಿಂತ ಅಗ್ಗ, ನೋವಿಲ್ಲದ್ದು, ಮೊದಲ ದಿನವೇ ಆಗಬೇಕಾದದ್ದು. ತುಳುನಾಡಿನ ಅಳಿಯಸಂತಾನದಲ್ಲಿ ಗಂಡಸಿನ ಆಸ್ತಿ ಅಕ್ಕತಂಗಿಯರ ಮಕ್ಕಳಿಗೆ ಹೋಗುತ್ತಿತ್ತು. ಸ್ವಂತ ಮಗುವಿಲ್ಲದಿದ್ದರೂ ಕುಟುಂಬ ಮುಂದುವರಿಯುತ್ತಿತ್ತು. ಆ ಏರ್ಪಾಡು ಕರಗಿಹೋದ ಮೇಲೆ ಇಲ್ಲಿಯೂ ಮಗುವಿಲ್ಲದ ಗಂಡಸಿನ ಮೇಲೆ ಬಿದ್ದ ಭಾರ ಹೆಚ್ಚಿದೆ ಎಂದು ನನಗನಿಸುತ್ತದೆ. ಭಾರ ಹೆಚ್ಚಿದಷ್ಟೂ ಪರೀಕ್ಷೆಗೆ ಹೆದರಿಕೆ. ಅದೇ ಹೆದರಿಕೆ ಸಂತಾನಹರಣದಲ್ಲೂ ಕಾಣುತ್ತದೆ: ಐದನೇ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ದೇಶದಲ್ಲಿ ಆ ವಿಧಾನಕ್ಕೆ ಒಳಗಾದವರು ವಿವಾಹಿತ ಹೆಂಗಸರ ಪೈಕಿ ನೂರಕ್ಕೆ 37.9, ಗಂಡಸರು ನೂರಕ್ಕೆ 0.3.

ಮಂಗಳೂರಿನಲ್ಲಿ ಬಹುಕಾಲದಿಂದ ಹೆಂಗಸರಿಗೆಂದೇ ಲೇಡಿಗೋಷನ್ ಆಸ್ಪತ್ರೆಯಿದೆ. ಗಂಡಸಿನ ಈ ತೊಂದರೆಗೆ ಅಂಥ ಒಂದು ಬಾಗಿಲು ಸರ್ಕಾರಿ ವ್ಯವಸ್ಥೆಯಲ್ಲಿ ಎಲ್ಲಿಯೂ ಕಾಣುವುದಿಲ್ಲ. ಮೂತ್ರರೋಗ ತಜ್ಞರ ಬಳಿ ಹೋಗಬೇಕು ಎಂಬುದೇ ಬಹಳ ಜನರಿಗೆ ಗೊತ್ತಿಲ್ಲ. ಕೃತಕ ಗರ್ಭಧಾರಣೆಯ ಕೇಂದ್ರಗಳು 2021ರ ಕಾಯಿದೆಯಂತೆ ನೋಂದಣಿಯಾಗಬೇಕು. ಒಂದೇ ವೀರ್ಯಾಣುವನ್ನು ಅಂಡಾಣುವಿನೊಳಗೆ ಸೇರಿಸುವ ತಂತ್ರ ಬಂದ ಮೇಲೆ, ತೀರಾ ಕಡಿಮೆ ಎಣಿಕೆಯವರೂ ತಂದೆಯಾಗಿದ್ದಾರೆ. ಆದರೆ ಅದರ ವೆಚ್ಚ ದಿನಗೂಲಿಯವನ ಕೈಗೆ ಎಟುಕದು, ಆಯುಷ್ಮಾನ್ ಭಾರತ್ ಯೋಜನೆಯೂ ಬಂಜೆತನದ ಚಿಕಿತ್ಸೆಗೆ ಹಣ ಕೊಡದು.

ಪರೀಕ್ಷೆಯ ವಿಧಾನ ಸರಳ. ಎರಡರಿಂದ ಏಳು ದಿನ ಸ್ಖಲನವಿಲ್ಲದೆ ಇರಬೇಕು, ಪ್ರಯೋಗಾಲಯದಲ್ಲೇ ಮಾದರಿ ಕೊಡುವುದು ಉತ್ತಮ. ಮನೆಯಿಂದ ತರುವುದಾದರೆ ಒಂದು ಗಂಟೆಯೊಳಗೆ ತಲುಪಬೇಕು, ಮೈಗೆ ಹತ್ತಿರ ಇಟ್ಟುಕೊಂಡು ತರಬೇಕು, ಕಾಂಡೋಮಿನಲ್ಲಿ ತರಬಾರದು. ಬೈಕಂಪಾಡಿಯಿಂದ ಬಸ್ಸು ಹಿಡಿದು ಕೂಳೂರು ಸೇತುವೆಯ ದಟ್ಟಣೆಯಲ್ಲಿ ಸಿಕ್ಕಿಬಿದ್ದರೆ ಆ ಗಂಟೆ ಅಲ್ಲೇ ಮುಗಿಯಬಹುದು. ವರದಿಯಲ್ಲಿ ಪ್ರಮಾಣ 1.4 ಮಿಲಿಲೀಟರ್, ಸಾಂದ್ರತೆ ಮಿಲಿಲೀಟರಿಗೆ 1.6 ಕೋಟಿ, ಒಟ್ಟು 3.9 ಕೋಟಿ, ಚಲಿಸುವವು ನೂರಕ್ಕೆ 42, ಸರಿಯಾದ ಆಕಾರ ನೂರಕ್ಕೆ 4 ಎಂಬ ಅಂಕಿಗಳನ್ನು ವಿಶ್ವ ಆರೋಗ್ಯ ಸಂಸ್ಥೆಯ 2021ರ ಕೈಪಿಡಿ ಕೊಡುತ್ತದೆ. ಇವು ಪಾಸು–ಫೇಲಿನ ಗೆರೆಗಳಲ್ಲ. ಪ್ರಯತ್ನಿಸಿದ ವರ್ಷದೊಳಗೆ ಹೆಂಡತಿ ಗರ್ಭಿಣಿಯಾದ ಗಂಡಸರಲ್ಲೇ ಅತಿ ಕೆಳಗಿನ ನೂರಕ್ಕೆ ಐದು ಜನ ನಿಂತ ಜಾಗವದು. ಇದಕ್ಕಿಂತ ಕಡಿಮೆಯವರಿಗೂ ಮಕ್ಕಳಾಗಿದ್ದಾರೆ, ಹೆಚ್ಚಿದ್ದವರಿಗೂ ಆಗದೆ ಉಳಿದಿದೆ. ಒಂದು ವರದಿ ಸಾಲದು, ಇನ್ನೊಮ್ಮೆ ನೋಡಬೇಕು. ವರ್ಷವಿಡೀ ಪ್ರಯತ್ನಿಸಿಯೂ ಗರ್ಭ ನಿಲ್ಲದಿದ್ದರೆ, ಹೆಂಡತಿಗೆ ಮೂವತ್ತೈದು ದಾಟಿದ್ದರೆ ಆರು ತಿಂಗಳಿಗೇ, ಇಬ್ಬರೂ ಒಟ್ಟಿಗೆ ಹೋಗಬೇಕು. ವೃಷಣದಲ್ಲಿ ಗಂಟು ತಗಲಿದರೆ, ರಕ್ತ ಕಂಡರೆ, ಕೀವು ಬಂದರೆ, ಪ್ರಮಾಣ ಒಮ್ಮೆಲೇ ತೀರಾ ಇಳಿದರೆ ಅಷ್ಟೂ ಕಾಯುವಂತಿಲ್ಲ.

ಬೈಕಂಪಾಡಿಯಲ್ಲಿ ಆಗಬೇಕಾದ ಕೆಲಸ ಒಂದಿದೆ. ಸಣ್ಣ ಕೈಗಾರಿಕೆಗಳ ಸಂಘವಿದೆ, ಇಎಸ್‌ಐ ಚೀಟಿಯಿರುವ ಸಾವಿರಾರು ಕಾರ್ಮಿಕರಿದ್ದಾರೆ, ಹತ್ತಾರು ಕಿಲೋಮೀಟರಿನೊಳಗೆ ಹಲವು ವೈದ್ಯಕೀಯ ಕಾಲೇಜುಗಳಿವೆ. ಬಾಯ್ಲರಿನವರು, ವೆಲ್ಡರುಗಳು, ಲಾರಿ ಚಾಲಕರು, ಪೇಂಟಿಂಗಿನವರು, ಅವರ ಪಕ್ಕದಲ್ಲಿ ನೆರಳಲ್ಲಿ ಕೂತು ಲೆಕ್ಕ ಬರೆಯುವವರು, ಇವರನ್ನು ಗುಟ್ಟು ಕಾಯ್ದುಕೊಂಡು, ಒಪ್ಪಿಗೆ ಪಡೆದು, ಮಳೆಗಾಲದ ಜ್ವರದ ಲೆಕ್ಕವನ್ನೂ ಸೇರಿಸಿ ಪರೀಕ್ಷಿಸುವ ಅಧ್ಯಯನ ಕಷ್ಟದ್ದಲ್ಲ. ಅಷ್ಟು ದೊಡ್ಡದು ಆಗುವವರೆಗೆ, ಕಾರ್ಖಾನೆಯ ವಾರ್ಷಿಕ ತಪಾಸಣೆಯ ಕಾರ್ಡಿನಲ್ಲಿ ತೂಕ, ರಕ್ತದೊತ್ತಡ, ಕಣ್ಣು, ಕಿವಿಯ ಕೆಳಗೆ ಇನ್ನೊಂದು ಸಾಲು ಸೇರಿಸಬಹುದು: ಮದುವೆಯಾಗಿ ಎಷ್ಟು ವರ್ಷ, ಮಗು ಬೇಕೆಂದು ಎಷ್ಟು ದಿನದಿಂದ ಕಾಯುತ್ತಿದ್ದೀರಿ? ಲ್ಯಾತ್ರಪ್ಪಿನ ಕಾರ್ಮಿಕರು ತಮ್ಮಲ್ಲೇ ಕೇಳಿಕೊಂಡದ್ದು ಇಷ್ಟೇ.